ಮನೆಗೆ ಮರಳಲು ಬೇಕಾದ ಹಳದಿ ಪುಸ್ತಕ

ಉಗಾಂಡಾಕ್ಕೆ ಹೋಗುವುದು ಖಚಿತವಾದ ದಿನ ಊರಿಗೆ ಫೋನ್ ಮಾಡಿ, ಹೊರಡುವ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕಂತೆ ಎಂದು ಅಪ್ಪಯ್ಯನಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. “ಆ ಹೆಸರು ನಾನು ಕೇಳಿದ್ದೇನೆ. ಮಂಗಗಳು ಸಾಯಲು ಶುರುವಾದ ವರ್ಷ ಡಾಕ್ಟರುಗಳು ಅದೇ ಕಾಯಿಲೆ ಇರಬೇಕೆಂದು ಹೆದರಿದ್ದರಂತೆ” ಎಂದರು.

ನಮ್ಮದು ಸೊರಬ ತಾಲ್ಲೂಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದೇ. ಆಮೇಲೆ ಅದು ರಕ್ತ ಹೀರುವ ಉಣ್ಣೆ ಹುಳುಗಳಿಂದ ಹರಡುವ ಬೇರೆಯೇ ವೈರಸ್ ಎಂದು ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಎರಡೂ ಒಂದೇ ಕುಟುಂಬದ ವೈರಸ್‌ಗಳು. ಹಳದಿ ಜ್ವರ ಮಾತ್ರ ಇಂದಿಗೂ ಭಾರತಕ್ಕೆ ಕಾಲಿಟ್ಟಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಮನೆಮನೆಯ ತೊಟ್ಟಿಯಲ್ಲಿದೆ, ಕಾಡಿನಲ್ಲಿ ಮಂಗಗಳಿವೆ, ಜನರಲ್ಲಿ ಆ ರೋಗಕ್ಕೆ ಪ್ರತಿರೋಧವಿಲ್ಲ. ಒಬ್ಬ ಸೋಂಕಿತ ಪ್ರಯಾಣಿಕ ಸಾಕು ಎಂಬ ಭಯದಿಂದಲೇ ಭಾರತ ಈ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದೆ. ರೋಗವಿರುವ ದೇಶದಿಂದ ಸರಿಯಾದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಉಗಾಂಡಾ ಒಳಗೆ ಬಿಡಲು ಹಳದಿ ಪುಸ್ತಕ ಎಂದು ಕರೆಯುವ ಆ ಲಸಿಕೆ ಪ್ರಮಾಣಪತ್ರವನ್ನು ಕೇಳುತ್ತದೆ, ನಿಜ. ಆದರೆ ಅದು ನಮ್ಮ ಮನೆಯವರನ್ನು ಕಾಯುವ ಕಾಗದ ಎನ್ನುವುದು ಅಪ್ಪಯ್ಯನ ಮಾತು ಕೇಳಿದ ಮೇಲೆಯೇ ನನಗೆ ಹೊಳೆದದ್ದು.

ನೀರಾವರಿ ಪಂಪು ಕೂರಿಸುವುದು ನನ್ನ ಕೆಲಸ. ವಿಕ್ಟೋರಿಯಾ ಸರೋವರದ ದಂಡೆಯ ತೋಟವೊಂದರಲ್ಲಿ ಐದು ವಾರ ಇರಬೇಕಿತ್ತು. ಟಿಕೆಟ್ ಮಾಡಿಕೊಟ್ಟ ಏಜೆಂಟರು “ಲಸಿಕೆ ಹೊರಡುವ ಹಿಂದಿನ ದಿನ ಹಾಕಿಸಿದರೂ ನಡೆಯುತ್ತದೆ” ಎಂದಿದ್ದರು. ನಡೆಯುವುದಿಲ್ಲ. ಲಸಿಕೆ ಹಾಕಿದ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು. ಅದೂ ಅಲ್ಲದೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ಜನರನ್ನು ಒಟ್ಟು ಮಾಡಿ ನಿಗದಿತ ದಿನ ಕರೆಯುತ್ತಾರೆ. ನನಗೆ ದಿನ ಸಿಕ್ಕಿದ್ದು ವಿಮಾನ ಹೊರಡಲು ಏಳು ದಿನ ಉಳಿದಾಗ. ಟಿಕೆಟ್ ಬದಲಿಸಿದೆ, ದುಡ್ಡು ಹೋಯಿತು.

ಬೆಂಗಳೂರಿನ ಕೇಂದ್ರಕ್ಕೆ ಮೂಲ ಪಾಸ್‌ಪೋರ್ಟ್ ಒಯ್ಯಬೇಕು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ರೂಢಿಯಿದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರೋ ತಂದೆಯ ಹೆಸರೋ ಆಗಿ ನಿಂತಿರುತ್ತದೆ. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಬರೆದಿದ್ದರು. ಅಲ್ಲಿಯೇ ನೋಡಿ ಸರಿ ಮಾಡಿಸಿಕೊಂಡೆ. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಮೊಟ್ಟೆಯ ಅಲರ್ಜಿ ಇದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರು ಕೇಳಿದರು. ಅರವತ್ತು ದಾಟಿದವರು ಇದನ್ನು ಹಾಕಿಸಿಕೊಳ್ಳುವ ಮೊದಲು ವೈದ್ಯರ ಜೊತೆ ಕೂತು ಮಾತನಾಡಲೇಬೇಕು. ನನಗೆ ಐದನೆಯ ದಿನ ಮೈಕೈ ನೋವು ಬಂತು, ಒಂದು ರಾತ್ರಿಗೆ ಹೋಯಿತು. 2016ರಿಂದ ಈ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಬೇಕೆಂದು ಹೇಳುವವರು ಹಳೆಯ ನಿಯಮ ಹೇಳುತ್ತಿದ್ದಾರೆ.

ಉಳಿದ ಲಸಿಕೆಗಳಿಗೆ ಶಿವಮೊಗ್ಗದ ನಮ್ಮ ವೈದ್ಯರ ಬಳಿ ಹೋದೆ. ಟೈಫಾಯಿಡ್‌ಗೆ ಒಂದು ಚುಚ್ಚುಮದ್ದು, ಧನುರ್ವಾಯುವಿಗೆ ಒಂದು. ಹೆಪಟೈಟಿಸ್ ಎ ವಿಷಯಕ್ಕೆ ಬಂದಾಗ ಅವರು “ನೀವು ಬಾವಿ ನೀರು, ಹಳ್ಳದ ನೀರು ಕುಡಿದು ಬೆಳೆದವರಲ್ಲವೇ? ಮೊದಲು ರಕ್ತ ಪರೀಕ್ಷೆ ಮಾಡೋಣ” ಎಂದರು. ಬಾಲ್ಯದಲ್ಲಿಯೇ ಗೊತ್ತಾಗದಂತೆ ಬಂದು ಹೋಗಿತ್ತು, ಪ್ರತಿಕಾಯಗಳಿದ್ದವು, ಲಸಿಕೆ ಬೇಕಾಗಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದ ನನ್ನ ಮಗನಿಗೆ ಬೇಕಾದೀತು.

ಮಲೇರಿಯಾಕ್ಕೆ ಪ್ರಯಾಣಿಕರು ಹಾಕಿಸಿಕೊಳ್ಳುವಂಥ ಲಸಿಕೆ ಇಲ್ಲ, ಮಾತ್ರೆಯೇ ಗತಿ. ವೈದ್ಯರು ನನಗೆ ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಹೊರಡುವ ಹಿಂದಿನ ದಿನ ಶುರು, ಅಲ್ಲಿರುವಷ್ಟು ದಿನ ದಿನಕ್ಕೊಂದು, ಬಂದ ಮೇಲೆ ಇನ್ನೂ ನಾಲ್ಕು ವಾರ. ಊಟದ ಮೇಲೆ, ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ಕೂಡಲೇ ಮಲಗಬಾರದು, ಹಾಲಿನ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ನಾನು ಉದ್ದ ತೋಳಿನ ಅಂಗಿಯನ್ನೇ ಹಾಕಿದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಈ ಮಾತ್ರೆ ಆಗದು, ಅವರಿಗೆ ವೈದ್ಯರು ಬೇರೆಯದನ್ನು ಕೊಡುತ್ತಾರೆ.

ಬಂದ ಮೇಲೂ ನಾಲ್ಕು ವಾರ ಏಕೆ ಎಂದು ಕೇಳಿದ್ದಕ್ಕೆ ವೈದ್ಯರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಕೂತಿದೆ. ಸೊಳ್ಳೆ ಕಚ್ಚಿದಾಗ ಮಲೇರಿಯಾ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ, ರಕ್ತಕ್ಕೆ ಇಳಿಯುವುದು ಆಮೇಲೆ. ಈ ಮಾತ್ರೆ ಅದನ್ನು ಕೊಲ್ಲುವುದು ಮುಖ್ಯವಾಗಿ ರಕ್ತದಲ್ಲಿ. ಕೊನೆಯ ದಿನ ಎಂಟೆಬೆ ವಿಮಾನ ನಿಲ್ದಾಣದ ಹಾದಿಯಲ್ಲಿ ಕಚ್ಚಿದ ಸೊಳ್ಳೆಯ ಲೆಕ್ಕ ಊರಿಗೆ ಬಂದ ಮೇಲೆ ಚುಕ್ತಾ ಆಗಬೇಕು.

ಅಲ್ಲಿ ಸಂಜೆಯಾಗುತ್ತಲೇ ಕೈಕಾಲಿಗೆ ಸೊಳ್ಳೆ ದೂರವಿಡುವ ಡೀಟ್ ಇರುವ ಮುಲಾಮು, ರಾತ್ರಿ ಔಷಧ ಲೇಪಿಸಿದ ಸೊಳ್ಳೆಪರದೆ. ಕಾಡಿಗೆ ಹೋಗುವ ಮೊದಲು ಉಣ್ಣೆ ಕಚ್ಚದಿರಲೆಂದು ಡೇಪಾ ತೈಲ ಹಚ್ಚಿ ಅಭ್ಯಾಸವಿದ್ದ ನನಗೆ ಇದು ಹೊರೆ ಎನಿಸಲಿಲ್ಲ. ಹಗಲಿನಲ್ಲಿಯೂ ಹಚ್ಚುತ್ತಿದ್ದೆ, ಏಕೆಂದರೆ ಈಡಿಸ್ ಕಚ್ಚುವುದು ಹಗಲು. ಅದೇ ಸೊಳ್ಳೆ ಹರಡುವ ಝೀಕಾ ವೈರಸ್ಸಿಗೆ ಆ ಹೆಸರು ಬಂದದ್ದೇ 1947ರಲ್ಲಿ ಅದು ಮೊದಲು ಪತ್ತೆಯಾದ, ಎಂಟೆಬೆಯ ಹತ್ತಿರದ ಝೀಕಾ ಕಾಡಿನಿಂದ. ಕ್ಯಾಸನೂರಿನ ಹಾಗೆಯೇ ಒಂದು ಸಣ್ಣ ಕಾಡಿನ ಹೆಸರು ರೋಗಕ್ಕೆ ಅಂಟಿಕೊಂಡು ಲೋಕವೆಲ್ಲ ಸುತ್ತಿದ ಕಥೆ. ಅಲ್ಲಿಯ ಜನರಿಗೂ ಅದು ನಮಗಾದಷ್ಟೇ ನೋವಾಗಿರಬೇಕು.

ಕಷ್ಟವಾದದ್ದು ನೀರಿನದು. ಸರೋವರದ ಬಸವನಹುಳುಗಳಿಂದ ಹೊರಬರುವ, ಬಿಲ್ಹಾರ್ಜಿಯಾ ಎಂಬ ಕಾಯಿಲೆ ತರುವ ಪರಾವಲಂಬಿ ಮರಿಹುಳುಗಳು ಚರ್ಮವನ್ನೇ ಕೊರೆದು ಒಳಸೇರುತ್ತವೆ. ಕುಡಿಯಬೇಕಾಗಿಲ್ಲ, ನಿಂತರೆ ಸಾಕು. ಹೊಳೆ ಕಂಡರೆ ಧುಮುಕುವ ಮಲೆನಾಡಿಗನಿಗೆ ಐದು ವಾರ ಆ ನೀಲಿ ನೀರನ್ನು ದಡದಿಂದ ನೋಡುತ್ತ ಕೂರುವುದು ಸುಲಭವಲ್ಲ. ಪಂಪಿನ ಕೊಳವೆಯ ತುದಿಯ ಫುಟ್‌ವಾಲ್ವ್ ಇಳಿಸಲು ನೀರಿಗೆ ಇಳಿಯಲೇಬೇಕಾದ ದಿನ ಸೊಂಟದವರೆಗಿನ ರಬ್ಬರ್ ಬೂಟು, ಉದ್ದ ಕೈಗವಸು ಹಾಕಿಯೇ ಇಳಿದೆ.

ಮರಳಿದಾಗ ಬೆಂಗಳೂರು ವಿಮಾನ ನಿಲ್ದಾಣದ ಆರೋಗ್ಯ ಕೌಂಟರಿನಲ್ಲಿ ಪುಸ್ತಕ ತೋರಿಸಿ ಹೊರಬಂದೆವು. ನನ್ನ ಜೊತೆ ಬಂದಿದ್ದ ಹಿರಿಯ ಸಹೋದ್ಯೋಗಿ ಊರು ಮುಟ್ಟಿದ ಖುಷಿಯಲ್ಲಿ ಮಾತ್ರೆ ನಿಲ್ಲಿಸಿಬಿಟ್ಟರು. ಹತ್ತೊಂಬತ್ತನೆಯ ದಿನ ಅವರಿಗೆ ಜ್ವರ. ಮಳೆಗಾಲವಾದ್ದರಿಂದ ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗೆ ಪರೀಕ್ಷೆ ಮಾಡಿ, ಇಲ್ಲವೆಂದು ತಿಳಿದು ಪ್ಯಾರಸಿಟಮಾಲ್ ಕೊಟ್ಟು ಕಳಿಸಿದರು. ಎರಡನೆಯ ದಿನ ನಾನು ಫೋನ್ ಮಾಡಿ, “ಅಣ್ಣ, ಉಗಾಂಡಾದಿಂದ ಬಂದಿದ್ದೀರೆಂದು ಡಾಕ್ಟರಿಗೆ ಹೇಳಿದಿರಾ?” ಎಂದು ಕೇಳಿದೆ. ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆ ಸಂಜೆಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಒಳಗೆ ಕಾಲಿಡುತ್ತಲೇ ಆ ಮಾತನ್ನು ಮೊದಲು ಹೇಳಿದೆವು. ರಕ್ತಲೇಪದಲ್ಲಿ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಸಿಕ್ಕಿತು. ಅದು ತಡಮಾಡಿದರೆ ಕೆಲವೇ ದಿನಗಳಲ್ಲಿ ಜೀವ ತೆಗೆಯುವ ಜಾತಿ. ಅವರು ಐದು ದಿನ ಹಾಸಿಗೆಯಲ್ಲಿದ್ದರು.

ಅವರು ಮನೆಗೆ ಬಂದ ಎರಡು ದಿನದ ನಂತರ ನಾನು ನನ್ನ ಇಪ್ಪತ್ತೆಂಟನೆಯ ಮಾತ್ರೆ ನುಂಗಿ, ಅಡುಗೆಮನೆಯ ಕ್ಯಾಲೆಂಡರಿನ ಕೊನೆಯ ಗುರುತನ್ನು ಹೊಡೆದುಹಾಕಿದೆ.