ಅಮ್ಮ ವಿಮಾನದಲ್ಲಿ ನಿಜಕ್ಕೂ ಎಷ್ಟು ಗಂಟೆ ಕೂರಬೇಕು?

ಟಿಕೆಟ್‌ನಲ್ಲಿ ರಾತ್ರಿ 1.30ಕ್ಕೆ ಮುಂಬಯಿ, ಬೆಳಿಗ್ಗೆ 8ಕ್ಕೆ ನ್ಯೂಯಾರ್ಕ್ ಎಂದಿತ್ತು. ಆರೂವರೆ ಗಂಟೆ ತಾನೇ ಎಂದುಕೊಂಡು ಅಮ್ಮ ಕೈಚೀಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಒಂದೇ ಹೊತ್ತಿಗೆ ಇಟ್ಟುಕೊಂಡಿದ್ದರು. ಉಳಿದದ್ದೆಲ್ಲ ದೊಡ್ಡ ಸೂಟ್‌ಕೇಸಿನಲ್ಲಿ. ಹೊರಡುವ ಸಂಜೆ ಅದು ನನ್ನ ಕಣ್ಣಿಗೆ ಬಿತ್ತು, ಪುಣ್ಯ. ಮಾಟುಂಗದ ನಮ್ಮ ಕಟ್ಟಡದಿಂದಲೇ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಹಿರಿಯರು ಎಷ್ಟೋ ಮಂದಿ. ಟಿಕೆಟ್ ಕೈಗೆ ಬಂದ ದಿನವೇ ಅವರ ಜೊತೆ ಕೂತು ಈ ಲೆಕ್ಕ ಮಾಡಿ.

ಮೊದಲು ಗಡಿಯಾರ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 8 ಅಂದರೆ ಇಲ್ಲಿ ಸಂಜೆ 5.30. ರಾತ್ರಿ 1.30ರಿಂದ ಎಣಿಸಿ: ಹದಿನಾರು ಗಂಟೆ! ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಈ ವ್ಯತ್ಯಾಸ ಹತ್ತೂವರೆ ಗಂಟೆ. ಇದನ್ನು ಮರೆತರೆ ಲೆಕ್ಕ ಒಂದು ಗಂಟೆ ತಪ್ಪುತ್ತದೆ.

ಇನ್ನು ದೂರ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮಕ್ಕಳ ಗ್ಲೋಬ್, ದಾರ, ಸ್ಕೇಲು ಸಾಕು. ಗ್ಲೋಬಿನ ನಡುವಿನ ಸುತ್ತಳತೆಯನ್ನು ದಾರದಲ್ಲಿ ಅಳೆಯಿರಿ. ಅದು ಭೂಮಿಯ 40,000 ಕಿ.ಮೀ.ಗೆ ಸಮ. ನಮ್ಮನೆಯ ಗ್ಲೋಬಿನಲ್ಲಿ 94 ಸೆಂ.ಮೀ. ಬಂತು, ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಈಗ ಮುಂಬಯಿಯಿಂದ ನ್ಯೂಯಾರ್ಕ್‌ಗೆ ದಾರವನ್ನು ಬಿಗಿಯಾಗಿ ಎಳೆಯಿರಿ. ಇಪ್ಪತ್ತೊಂಬತ್ತೂವರೆ ಸೆಂ.ಮೀ., ಹೆಚ್ಚುಕಡಿಮೆ 12,500 ಕಿ.ಮೀ. ದಾರ ಎಲ್ಲಿ ಹಾದುಹೋಗುತ್ತದೆ ನೋಡಿ. ಗೋಡೆಯ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅರಬ್ ದೇಶ, ಸಹರಾ ಮರುಭೂಮಿ ಸಿಗುತ್ತವೆ. ಗ್ಲೋಬಿನ ದಾರ ಮಾತ್ರ ಉತ್ತರಕ್ಕೆ ಬಾಗಿ ಐಸ್‌ಲ್ಯಾಂಡ್ ಮೇಲೆ ಹೋಗುತ್ತದೆ. ಉಂಡೆಯ ಮೇಲೆ ಹತ್ತಿರದ ದಾರಿ ಅದೇ.

ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಹದಿನಾಲ್ಕು ಗಂಟೆ. ಏರುವುದು, ಇಳಿಯುವುದು, ರನ್‌ವೇಯಲ್ಲಿ ಕಾಯುವುದು ಎಂದು ಅರ್ಧ ಗಂಟೆ ಸೇರಿಸಿ. ಮತ್ತೆ ಹದಿನಾರು ಯಾಕೆ ಅಂತೀರಾ? ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಹಾಗಾಗಿ ವಾಪಸ್ ಬರುವುದು ಸಾಮಾನ್ಯವಾಗಿ ಬೇಗ. ಕೆಲವೊಮ್ಮೆ ಆಕಾಶದ ದಾರಿಯೇ ಮುಚ್ಚಿರುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಎಷ್ಟೋ ವಿಮಾನಗಳು ಸುತ್ತಿ ಹೋಗಬೇಕಾಯಿತು.

ಮನೆ ಬಿಟ್ಟು ಸಹಾರ್‌ನ ವಿಮಾನ ನಿಲ್ದಾಣ ತಲುಪುವ ಹೊತ್ತು, ಅಲ್ಲಿ ಕಾಯುವ ಮೂರು ಗಂಟೆ, ಇಳಿದ ಮೇಲಿನ ಇಮಿಗ್ರೇಷನ್ ಸಾಲು ಎಲ್ಲ ಸೇರಿದರೆ ಇಡೀ ಒಂದು ದಿನವೇ ಆಗುತ್ತದೆ. ಅದಕ್ಕೇ ಮಾತ್ರೆ ಎರಡು ದಿನದ್ದು ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆ. ಯಾವ ಹೊತ್ತಿಗೆ ಯಾವುದು ಎಂದು ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಅಮ್ಮನ ಕೈಗಡಿಯಾರವನ್ನು ಇಳಿಯುವವರೆಗೂ ನಮ್ಮ ಸಮಯದಲ್ಲೇ ಬಿಟ್ಟಿದ್ದೆವು.