ಕಮೋಡ್ ಕಟ್ಕೊಂಡ್ರೆ ಮೊದ್ಲು ಫ್ಲಶ್ ಮೇಲಿಂದ ಕೈ ತೆಗೀರಿ

ನೀರು ಇಳೀತಿಲ್ಲ ಅಂತ ಕಣ್ಣೆದುರಿಗೇ ಕಾಣ್ತಿದ್ರೂ ಇನ್ನೊಂದ್ಸಲ ಫ್ಲಶ್ ಒತ್ತೋದು, ಎಲ್ರೂ ಮಾಡೋ ತಪ್ಪು ಇದೇ. ನಮ್ಮ ಭಾವ ಮಗನ ನಾಮಕರಣದ ದಿನ ಮೂರು ಸಲ ಒತ್ತಿದ್ರು, ಮನೆ ತುಂಬಾ ನೆಂಟ್ರು, ನೀರು ಊಟದೆಲೆ ಹಾಕೋ ಜಾಗಕ್ಕೇ ಬಂತು.

ಮೊದ್ಲು ಗೋಡೆ ಹತ್ರ ಇರೋ ಆಂಗಲ್ ಕಾಕ್ ತಿರುಗಿಸಿ ಟ್ಯಾಂಕಿಗೆ ನೀರು ನಿಲ್ಸಿ. ಆಮೇಲೆ ಬಾತ್‌ರೂಮಿನ ನೀರು ಹೋಗ್ತಿದ್ಯಾ ನೋಡಿ. ಅಲ್ಲೂ ನಿಂತಿದ್ರೆ ಹೊರಗಿನ ಚೇಂಬರ್ ತುಂಬಿರುತ್ತೆ, ನೀವು ಒಳಗೆ ಎಷ್ಟು ಗುದ್ದಾಡಿದ್ರೂ ವೇಸ್ಟು, ಚೇಂಬರ್ ಕ್ಲೀನ್ ಮಾಡೋ ಮಷೀನ್ ಕರೆಸಿ. ಯಾರಿಗೋ ದುಡ್ಡು ಕೊಟ್ಟು ಗುಂಡಿಗೆ ಇಳಿಸೋ ಯೋಚನೆ ಬೇಡವೇ ಬೇಡ, ಒಳಗೆ ವಿಷಗಾಳಿ ಇರುತ್ತೆ, 2013ರ ಕಾನೂನಲ್ಲಿ ಅದಕ್ಕೆ ಜೈಲೂ ಇದೆ.

ಕಮೋಡ್ ಒಂದೇ ಕಟ್ಕೊಂಡಿದ್ರೆ ಹೆಚ್ಚಾದ ನೀರನ್ನ ಹಳೇ ಮಗ್‌ನಲ್ಲಿ ತೆಗೆದು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದಿಷ್ಟು ಸುರಿದು, ಅರ್ಧ ಬಕೆಟ್ ಬಿಸಿನೀರು ಹಾಕಿ 20 ನಿಮಿಷ ಬಿಡಿ. ಸ್ನಾನಕ್ಕೆ ತಡಕೊಳ್ಳೋಷ್ಟು ಬಿಸಿ ಸಾಕು, ಕುದಿಯೋ ನೀರು ಹಾಕಿದ್ರೆ ಪಿಂಗಾಣಿ ಬಿರುಕು ಬಿಡಬಹುದು.

ಈಗ ಪ್ಲಂಜರ್, ಅಂದ್ರೆ ಕೋಲಿನ ತುದೀಲಿ ರಬ್ಬರ್ ಬಟ್ಟಲು ಇರುತ್ತಲ್ಲ, ಅದು. ಎಡವೋದೇ ಇಲ್ಲಿ. ಸಿಂಕಿಗೆ ಇಟ್ಕೊಂಡಿರೋ ಚಪ್ಪಟೆ ಬಟ್ಟಲಿನದು ಇಂಡಿಯನ್ ಟಾಯ್ಲೆಟ್ಟಿಗೆ ನಡೆಯುತ್ತೆ, ಕಮೋಡಿಗೆ ಒಳಗಿಂದ ಇನ್ನೊಂದು ರಬ್ಬರ್ ಮೂತಿ ಚಾಚಿರೋದೇ ಬೇಕು, ಇಲ್ಲಾಂದ್ರೆ ತೂತಿಗೆ ಸರಿಯಾಗಿ ಕೂರಲ್ಲ. ರಬ್ಬರ್ ಪೂರ್ತಿ ಮುಳುಗೋಷ್ಟು ನೀರಿರಲಿ. ಓರೆಯಾಗಿ ಇಳಿಸಿ ಒಳಗಿನ ಗಾಳಿ ಬಿಟ್ಟು ತೂತಿನ ಮೇಲೆ ಕೂರಿಸಿ. ಮೊದಲ ಒತ್ತು ಮೆಲ್ಲಗೆ, ಇಲ್ದಿದ್ರೆ ಮುಖಕ್ಕೇ ಹಾರುತ್ತೆ. ಆಮೇಲೆ ರಬ್ಬರ್ ಎತ್ತದೆ ಹದಿನೈದಿಪ್ಪತ್ತು ಸಲ ಒತ್ತಿ ಎಳೀರಿ, ಜೋರು ಇರಬೇಕಾದ್ದು ಎಳೆಯೋದ್ರಲ್ಲಿ. ಎಲ್ರೂ ಶತ್ರು ಸಿಕ್ಕಿದ ಹಾಗೆ ಕೆಳಕ್ಕೆ ಗುದ್ತಾರೆ. ಕಮೋಡ್ ಹಿಂದೆ ಪೈಪು ಮೇಲಕ್ಕೆ ಬಾಗಿರುತ್ತೆ, ವಾಸನೆ ತಡೆಯೋಕೆ ಅಲ್ಲಿ ಯಾವಾಗ್ಲೂ ನೀರು ನಿಂತಿರಬೇಕು, ಕಸ ಸಿಕ್ಕಾಕೊಳ್ಳೋದೂ ಬಹಳ ಸಲ ಅದೇ ಬಾಗಿನಲ್ಲೇ. ಬರೀ ಗುದ್ದಿದ್ರೆ ಇನ್ನೂ ಬಿಗಿಯಾಗುತ್ತೆ, ಹಿಂದಕ್ಕೆ ಎಳೆದಾಗ್ಲೇ ಸಡಿಲ ಆಗೋದು. ಕೊನೇಲಿ ಒಂದೇ ಸಲ ಸರ್ರಂತ ಎಳೆದು ಬಿಡಿ. ಗುಳಕ್ ಅಂತ ಸದ್ದು ಬಂದ್ರೆ ಆಯ್ತು, ಇಲ್ಲಾಂದ್ರೆ ಇನ್ನೆರಡು ರೌಂಡ್.

ಇದಕ್ಕೆ ಮುಂಚೆ ಆಸಿಡ್ ಸುರಿದಿದ್ರೆ ಪ್ಲಂಜರ್ ಮುಟ್ಟಲೇಬೇಡಿ, ಕಣ್ಣಿಗೆ ಹಾರಿದ್ರೆ ಕಥೆ ಮುಗೀತು. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಿದ್ರೆ ಕ್ಲೋರಿನ್ ಗಾಳಿ ಏಳುತ್ತೆ, ಚಿಕ್ಕ ಬಾತ್‌ರೂಮಲ್ಲಿ ಉಸಿರೇ ಕಟ್ಟುತ್ತೆ. ಪ್ಯಾಕೆಟ್ಟಲ್ಲಿ ಸಿಗೋ ಕಾಸ್ಟಿಕ್ ಪುಡಿ ನನಗೆ ಆಗಲ್ಲ, ಪ್ಯಾಡು, ಡೈಪರ್ ಅದಕ್ಕೆ ಕರಗಲ್ಲ, ಪುಡಿನೇ ಬಾಗಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಸೋಡಾ ವಿನಿಗರ್ ವಿಡಿಯೋಗಳಲ್ಲಿ ನೊರೆ ಬಿಟ್ರೆ ಇನ್ನೇನಿಲ್ಲ.

ಪ್ಲಂಜರ್‌ಗೂ ಬಗ್ಗದಿದ್ರೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರಿಂಗ್ ವೈರ್ ತಂದು ತಿರುಗಿಸ್ತಾ ಬಿಡಿ. ಕಂಬಿ ಹಾಕ್ಬೇಡಿ, ಪಿಂಗಾಣಿ ಗೀರುತ್ತೆ. ಅದಕ್ಕೂ ಆಗ್ಲಿಲ್ವಾ, ಪ್ಲಂಬರ್‌ಗೆ ಫೋನ್ ಮಾಡಿ.

ನೀರು ಹೋಯ್ತಾ? ಎರಡು ಬಕೆಟ್ ಸುರಿದು ನೋಡಿದ್ಮೇಲೇ ಆಂಗಲ್ ಕಾಕ್ ಬಿಡಿ. ಪ್ಲಂಜರ್ ತೊಳೆದು ಬಿಸಿಲಿಗೆ ಇಡಿ. ನಮ್ಮನೇಲಿ ಅದಕ್ಕೆ ಟೆರೇಸಲ್ಲಿ ಬೇರೆ ಮೊಳೆ ಹೊಡೆದಿದೀನಿ, ತುಳಸಿ ಕಟ್ಟೆ ಕಡೆ ಸುಳೀಬಾರ್ದು ಅಂತ ಅಮ್ಮನ ಆರ್ಡರ್.