ಗಾಡಿ ನಿಮ್ಮದು, ಕೆಲಸ ಕಂಪನಿಯದು: ಮೈಲಿ ಲೆಕ್ಕದ ಮಾತು

ಈ ಸಲ ರಜೆಗೆ ಗಂಗಾವತಿಗೆ ಬಂದಾಗ, ಇಂಗ್ಲೆಂಡಿಗೆ ಹೊರಟ ಬಳ್ಳಾರಿಯ ನರ್ಸ್ ಹುಡುಗಿ ಮತ್ತು ಜರ್ಮನಿಗೆ ಹೊರಟ ಕೊಪ್ಪಳದ ಸರ್ವಿಸ್ ಎಂಜಿನಿಯರ್, ಇಬ್ಬರೂ ಮನೆಗೆ ಬಂದಿದ್ದರು. ಬಾಡಿಗೆ ಕೇಳಿದರು, ಚಳಿ ಕೇಳಿದರು, ಸೋನಾ ಮಸೂರಿ ಸಿಗುತ್ತಾ ಅಂತ ಕೇಳಿದರು. ಇಬ್ಬರದೂ ಸ್ವಂತ ಕಾರಲ್ಲಿ ಸುತ್ತುವ ಕೆಲಸ, ಆದರೆ ಆ ಓಡಾಟದ ದುಡ್ಡಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ.

ನಾನೂ ಎತ್ತಿರಲಿಲ್ಲ. ಇಂಗ್ಲೆಂಡಿನ ಮೊದಲ ವರ್ಷ ಪೆಟ್ರೋಲ್ ಬಿಲ್ಲು ಪಿನ್ ಮಾಡಿ ಕೊಡುತ್ತಿದ್ದೆ, ಬಿಲ್ಲಿನಷ್ಟೇ ಬರುತ್ತಿತ್ತು. ಎರಡು ಟೈರು, ಸರ್ವಿಸು, ಇನ್ಶೂರೆನ್ಸು ಎಲ್ಲ ನನ್ನ ಜೇಬಿನಿಂದ. ಸ್ವಂತ ಗಾಡಿಯಲ್ಲಿ ಕಂಪನಿ ಕೆಲಸಕ್ಕೆ ಓಡಾಡಿದ್ದಕ್ಕೆ ಕೊಡುವ ಮೈಲಿ ದರ ಅಂದರೆ ಪೆಟ್ರೋಲಿನ ದರವಲ್ಲ, ಗಾಡಿ ಸವೆಯುವುದೂ ಅದರಲ್ಲಿ ಸೇರಿದೆ ಅಂತ ಗೊತ್ತಾಗುವಷ್ಟರಲ್ಲಿ ವರ್ಷ ಮುಗಿದಿತ್ತು.

ಬ್ರಿಟನ್ನಿನಲ್ಲಿ 2011ರಲ್ಲಿ ಜಾರಿಗೆ ಬಂದ ದರ ಇದು: ವರ್ಷದ ಮೊದಲ 10,000 ಮೈಲಿಗೆ ಮೈಲಿಗೆ 45 ಪೆನ್ಸ್, ಆಮೇಲೆ 25. 2024–25ರಲ್ಲೂ ಅದೇ ಇತ್ತು. ಕಂಪನಿ ಇಷ್ಟು ಕೊಡಲೇಬೇಕು ಅಂತಿಲ್ಲ, ಇಷ್ಟರವರೆಗೆ ಕೊಟ್ಟರೆ ತೆರಿಗೆ ಇಲ್ಲ, ಅಷ್ಟೇ. ಕಡಿಮೆ ಕೊಟ್ಟರೆ ಉಳಿದದ್ದರ ಮೇಲೆ ತೆರಿಗೆ ರಿಯಾಯಿತಿ ಕೇಳಬಹುದು. ಇಲ್ಲೇ ಎಲ್ಲರೂ ಎಡವುವುದು. 3,000 ಮೈಲಿ ಓಡಿಸಿದಿರಿ, ಕಂಪನಿ 15 ಪೆನ್ಸ್ ಕೊಟ್ಟಿತು ಅನ್ನಿ. 1,350 ಪೌಂಡ್ ಆಗಬೇಕಿದ್ದದ್ದು 450 ಆಯಿತು. ವ್ಯತ್ಯಾಸದ 900 ಪೂರಾ ಕೈಗೆ ಬರುವುದಿಲ್ಲ, ನೀವು 20 ಪರ್ಸೆಂಟ್ ತೆರಿಗೆಯವರಾದರೆ ಬರುವುದು 180. ಬಿಟ್ಟುಹೋಗಿದ್ದರೆ ನಾಲ್ಕು ವರ್ಷ ಹಿಂದಿನದನ್ನೂ ಕೇಳಬಹುದು. ನನ್ನದು ಹಾಗೇ ಬಂತು.

ಮನೆಯಿಂದ ಕಾಯಂ ಆಫೀಸಿಗೆ ಹೋಗುವುದು ಲೆಕ್ಕಕ್ಕಿಲ್ಲ. ಒಬ್ಬ ಪೇಶಂಟಿನ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವುದು ಲೆಕ್ಕಕ್ಕಿದೆ. ಮರೆಯುವ ಮುಂಚೆ ಹೇಳಿಬಿಡುತ್ತೇನೆ, ಇನ್ಶೂರೆನ್ಸಿನಲ್ಲಿ ‘ಬಿಸಿನೆಸ್ ಯೂಸ್’ ಹಾಕಿಸಿ. ಸಾದಾ ಪಾಲಿಸಿ ಇಟ್ಟುಕೊಂಡು ಡ್ಯೂಟಿಯಲ್ಲಿ ಗುದ್ದಿಸಿಕೊಂಡರೆ ಕ್ಲೇಮ್ ಸಿಗದೇ ಹೋಗಬಹುದು.

ಜರ್ಮನಿಯಲ್ಲಿ ಕೆಲಸದ ಪ್ರಯಾಣಕ್ಕೆ ಸ್ವಂತ ಕಾರಾದರೆ ಕಿಲೋಮೀಟರಿಗೆ 30 ಸೆಂಟ್, ಹೋಗಿದ್ದೂ ಬಂದಿದ್ದೂ ಎರಡೂ ಸೇರಿ. ದಿನದ ಆಫೀಸ್ ಓಡಾಟವನ್ನು ನೀವೇ ತೆರಿಗೆ ರಿಟರ್ನಿನಲ್ಲಿ ತೋರಿಸಬಹುದು, ಆದರೆ ಒಂದೇ ಕಡೆಯ ದೂರ. ಕೊಪ್ಪಳದ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು.

ಅಮೆರಿಕದ ದರ 2025ಕ್ಕೆ ಮೈಲಿಗೆ 70 ಸೆಂಟ್. ಆದರೆ ಕಂಪನಿ ಕೊಡದಿದ್ದರೆ ಸಂಬಳದವರು ಅದನ್ನು ಫೆಡರಲ್ ರಿಟರ್ನಿನಲ್ಲಿ ಕಳೆಯುವ ದಾರಿ 2018ರಿಂದ ಮುಚ್ಚಿದೆ. ಅಲ್ಲಿಗೆ ಹೊರಟವರು ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆಯೇ ಕೇಳಬೇಕು. ಕೆನಡಾದಲ್ಲಿ 2025ಕ್ಕೆ ಮೊದಲ 5,000 ಕಿಲೋಮೀಟರಿಗೆ 72 ಸೆಂಟ್, ನಂತರ 66. ಅಲ್ಲಿ ತಿಂಗಳಿಗೆ ಇಂತಿಷ್ಟು ಅಂತ ಇಡಿಗಂಟು ಕೊಟ್ಟರೆ ಅದು ಸಂಬಳದಂತೆ ತೆರಿಗೆಗೆ ಬೀಳುತ್ತದೆ.

ಬರೆದಿಡುವ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ನಮ್ಮಪ್ಪ. ಕಾರಟಗಿಯಿಂದ ಅಕ್ಕಿ ಲೋಡ್ ಹೊಡೆಯುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ ಉದ್ದನೆ ನೋಟ್‌ಬುಕ್ಕು, ಕಿವಿ ಸಂದಿಯಲ್ಲಿ ಪೆನ್ಸಿಲ್ಲು. ತಾರೀಖು, ಬಿಟ್ಟ ಊರು, ಮುಟ್ಟಿದ ಊರು, ಎರಡು ಕಡೆಯ ಮೀಟರು, ಯಾರ ಮಾಲು. ಎಂಜಿನ್ ಆಫ್ ಮಾಡಿ, ಬರೆದು, ಆಮೇಲೆ ಇಳಿಯುತ್ತಿದ್ದ. ತೆರಿಗೆಯವರು ಕೇಳುವುದೂ ಹೆಚ್ಚುಕಡಿಮೆ ಅದನ್ನೇ, ‘ಯಾರ ಮಾಲು’ ಅನ್ನುವ ಜಾಗದಲ್ಲಿ ಯಾವ ಕೆಲಸಕ್ಕೆ ಹೋದಿರಿ ಅಂತ. ವರ್ಷದ ಕೊನೆಗೆ ಮ್ಯಾಪ್ ತೆರೆದು ಅಂದಾಜಿಗೆ ತುಂಬಿಸುವ ಗೆಳೆಯರಿದ್ದಾರೆ. ಎಲ್ಲವೂ 20, 30, 50 ಅಂತ ಗುಂಡಗಿನ ಅಂಕಿ ಇದ್ದರೆ ನೋಡುವವನಿಗೆ ಸಂಶಯ ಬರದೇ ಇರುತ್ತದೆಯೇ?

ನರ್ಸ್ ಹುಡುಗಿಗೆ ಒಂದು ಪುಟ್ಟ ನೋಟ್‌ಬುಕ್ಕು ಕೊಟ್ಟು ಕಳಿಸಿದೆ. ಕಾರು ಕೊಂಡ ದಿನ ಒಂದು ಸಲ, ಅಲ್ಲಿನ ತೆರಿಗೆ ವರ್ಷ ಮುಗಿಯುವ ಏಪ್ರಿಲ್ 5ರ ರಾತ್ರಿ ಇನ್ನೊಂದು ಸಲ, ಮೀಟರಿನ ಫೋಟೊ ತೆಗೆದಿಟ್ಟುಕೋ ಅಂದೆ.